ಊರೂರ ಕರೆಂಟು: ದಸರಾ ರಜೆಯ ಆರು ದಿನ

ಹೊರಡುವ ಹಿಂದಿನ ರಾತ್ರಿ

ದಸರಾ ರಜೆಗೆ ನಮ್ಮದು ಪ್ರತಿ ವರ್ಷವೂ ಒಂದೇ ದಾರಿ. ಬೆಂಗಳೂರಿನಿಂದ ಸಕಲೇಶಪುರ, ಶಿರಾಡಿ ಇಳಿದು ಮಂಗಳೂರಿನ ಅಕ್ಕನ ಮನೆ, ಉಡುಪಿ, ಆಗುಂಬೆ ಹತ್ತಿ ತೀರ್ಥಹಳ್ಳಿ ಹತ್ತಿರದ ಚಿಕ್ಕಪ್ಪನ ಮನೆ, ಶಿವಮೊಗ್ಗದ ಮೇಲೆ ವಾಪಸ್. ಈ ಸಲ ಮೊದಲ ಬಾರಿಗೆ ಹಸಿರು ನಂಬರ್ ಪ್ಲೇಟಿನ ಎಲೆಕ್ಟ್ರಿಕ್ ಕಾರಿನಲ್ಲಿ ಹೊರಟಿದ್ದೆವು.

ಬ್ಯಾಟರಿ ಸುಮಾರು 40 ಯೂನಿಟ್ ಹಿಡಿಯುತ್ತದೆ. ಹೆದ್ದಾರಿಯಲ್ಲಿ ಎಸಿ ಹಾಕಿಕೊಂಡು ಹೋದರೆ 250 ಕಿಲೋಮೀಟರ್ ಓಡುತ್ತದೆ. ಡಿಕ್ಕಿಯಲ್ಲಿ ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರ್ ಇತ್ತು, ಗೀಸರ್ ಹಾಕುವ ದೊಡ್ಡ ಮೂರು ಪಿನ್ನಿನ ಸಾಕೆಟ್ಟಿಗೆ ಚುಚ್ಚುವಂಥದ್ದು. ಒಂದು ಟೆಸ್ಟರ್ ಹಾಕಿಕೊಂಡೆ. ಮಗಳು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಫೋನ್ ನಂಬರ್ ಬರೆದಳು. ಕೆಳಗೆ, 'ಅವಸರ ಇದ್ದರೆ ಫೋನ್ ಮಾಡಿ, ತಕ್ಷಣ ಬರ್ತೀವಿ' ಎಂದು ಸೇರಿಸಿದಳು. ಚಾರ್ಜಿಗೆ ಹಾಕಿದಾಗಲೆಲ್ಲ ಅದು ಮುಂದಿನ ಗಾಜಿನ ಹತ್ತಿರ ಇರಬೇಕು ಎಂದು ಮೊದಲೇ ಮಾತಾಡಿಕೊಂಡಿದ್ದೆವು.

ಮೊದಲ ದಿನ: ಬೆಂಗಳೂರು, ಚನ್ನರಾಯಪಟ್ಟಣ, ಸಕಲೇಶಪುರ

ಬೆಳಗ್ಗೆ ಆರಕ್ಕೆ ಹೊರಟು ಕುಣಿಗಲ್, ಬೆಳ್ಳೂರು ಕ್ರಾಸ್ ದಾಟಿ ಚನ್ನರಾಯಪಟ್ಟಣದ ಹತ್ತಿರ ಒಂದು ಹೋಟೆಲ್ ಮುಂದೆ ನಿಲ್ಲಿಸಿದೆವು. ಬ್ಯಾಟರಿ ಶೇಕಡಾ 41ಕ್ಕೆ ಬಂದಿತ್ತು. ಕಾರು ಚಾರ್ಜ್ ಮಾಡಿಕೊಡುವುದು ಒಂದು ಸೇವೆ, ಅದಕ್ಕೆ ವಿದ್ಯುತ್ ಮಾರುವ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟ ಮಾಡಿದೆ. ಹಾಗಾಗಿ ಹೋಟೆಲ್‌ನವರು, ಪೆಟ್ರೋಲ್ ಬಂಕಿನವರು, ಅಂಗಡಿಯವರು ಯಾರು ಬೇಕಾದರೂ ಚಾರ್ಜರ್ ಇಡಬಹುದು. ದಾರಿಯಲ್ಲಿ ಇಷ್ಟೊಂದು ಕಾಣುವುದಕ್ಕೆ ಅದೂ ಒಂದು ಕಾರಣ.

ಇಲ್ಲಿ ಒಂದು ಚಾರ್ಜಿಂಗ್ ಮಷಿನ್ನಿಗೆ ಎರಡು ಗನ್, ಅಂದರೆ ವೈರಿನ ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಹಿಡಿ, ಇದ್ದವು. ಒಂದರ ಮೇಲೆ 'ಕೆಟ್ಟಿದೆ' ಎಂಬ ಚೀಟಿ. ಇನ್ನೊಂದು ಒಂದು ಬಿಳಿ ಕಾರಿಗೆ ಸಿಕ್ಕಿಸಿತ್ತು. ಸ್ಕ್ರೀನಿನಲ್ಲಿ 84 ಎಂದು ತೋರಿಸುತ್ತಿತ್ತು. ಕಾರಿನಲ್ಲಿ ಯಾರೂ ಇಲ್ಲ, ನಂಬರ್ ಬರೆದ ಚೀಟಿಯೂ ಇಲ್ಲ.

ಇಂಥ ಹೊತ್ತಿನಲ್ಲಿ ಆ ಗನ್ ಕಿತ್ತು ನಮ್ಮ ಕಾರಿಗೆ ಹಾಕಿಕೊಳ್ಳೋಣ ಅನಿಸುತ್ತದೆ. ಆದರೆ ಇಂಥ ಡಿಸಿ ಚಾರ್ಜಿಂಗ್ (ವೇಗದ ಚಾರ್ಜಿಂಗ್) ನಡೆಯುವಾಗ ಗನ್ ಕಾರಿಗೆ ಲಾಕ್ ಆಗಿರುತ್ತದೆ. ಎಳೆದರೆ ಬರುವುದಿಲ್ಲ, ಬಲ ಹಾಕಿದರೆ ಪಿನ್ನೋ ಲಾಕೋ ಮುರಿಯುತ್ತದೆ. ಮಷಿನ್ನಿನ ಕೆಂಪು ಗುಂಡಿ ಒತ್ತಿ ನಿಲ್ಲಿಸುವವರನ್ನೂ ನೋಡಿದ್ದೇನೆ. ಆ ಗುಂಡಿ ಇರುವುದು ಹೊಗೆ, ಕಿಡಿ, ಶಾಕ್ ಹೊಡೆದಂಥ ಅಪಾಯಕ್ಕೆ. ಬೇರೆಯವರ ಚಾರ್ಜ್ ನಿಲ್ಲಿಸುವುದಕ್ಕೆ ಅದನ್ನು ಮುಟ್ಟಬಾರದು.

ಹೋಟೆಲ್ ಒಳಗೆ ಹೋಗಿ ಕ್ಯಾಷಿಯರ್ ಹತ್ತಿರ ಹೇಳಿದೆ. ಅವರು ಅಲ್ಲಿಂದಲೇ ಕಾರಿನ ನಂಬರ್ ಕೂಗಿದರು. ಮೂಲೆಯ ಟೇಬಲ್ಲಿನಿಂದ ಒಬ್ಬ ಹಿರಿಯರು ಕೈ ಎತ್ತಿದರು. ಮನೆಯವರ ಜೊತೆ ಧರ್ಮಸ್ಥಳಕ್ಕೆ ಹೊರಟಿದ್ದರು.

"100 ಆಗ್ಲಿ ಅಂತ ಬಿಟ್ಟಿದ್ದೆ ಸರ್. ಇನ್ನೇನು ಹದಿನಾರು ತಾನೆ?"

ಬನ್ನಿ ಸರ್, ಒಂದು ಸಲ ನೋಡೋಣ ಎಂದು ಕರೆದುಕೊಂಡು ಹೋದೆ. ಸ್ಕ್ರೀನಿನಲ್ಲಿ ಕಿಲೋವ್ಯಾಟ್, ಅಂದರೆ ಕರೆಂಟು ತುಂಬುವ ವೇಗ, ಎಷ್ಟಿದೆ ನೋಡಿ ಎಂದೆ. 11 ಎಂದು ತೋರಿಸುತ್ತಿತ್ತು. ನೀವು ಹಾಕಿದಾಗ ಎಷ್ಟಿತ್ತು ಎಂದು ಕೇಳಿದರೆ, 28ರ ಹತ್ತಿರ ಇದ್ದ ನೆನಪು ಎಂದರು. ಬ್ಯಾಟರಿ ತುಂಬುತ್ತಾ ಬಂದಂತೆ ಕಾರೇ ಕರೆಂಟು ಕಮ್ಮಿ ಮಾಡಿಕೊಳ್ಳುತ್ತದೆ, ಬ್ಯಾಟರಿಗೆ ಪೆಟ್ಟಾಗಬಾರದು ಅಂತ. ಹಾಗಾಗಿ ಕೊನೆಯ ಇಪ್ಪತ್ತಕ್ಕೆ ಹಿಡಿಯುವ ಸಮಯ ಅದಕ್ಕಿಂತ ಹಿಂದಿನ ನಲವತ್ತಕ್ಕೆ ಹಿಡಿದಷ್ಟೇ ಆಗಬಹುದು. ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮೊಬೈಲ್ ಥರ 100 ಮಾಡಲೇಬೇಕು ಅಂದುಕೊಂಡಿದ್ದರು. ಧರ್ಮಸ್ಥಳಕ್ಕೆ 84 ಧಾರಾಳ ಸಾಕು ಎಂದು ಲೆಕ್ಕ ಹಾಕಿದ ಮೇಲೆ ಅವರೇ ನಿಲ್ಲಿಸಿ ಗನ್ ತೆಗೆದುಕೊಟ್ಟರು. ಹೋಗುವಾಗ ಮಗಳ ರಟ್ಟು ನೋಡಿ, "ಇದು ಚೆನ್ನಾಗಿದೆ ಕಣಮ್ಮ, ನಾನೂ ಒಂದು ಬರೆದಿಡ್ತೀನಿ" ಅಂದರು.

ಅವರ ಮೇಲೆ ನನಗೆ ಸಿಟ್ಟೇನೂ ಬರಲಿಲ್ಲ. ಕಾರು ಮಾರುವಾಗ ಶೋರೂಮಿನಲ್ಲಿ ಹೂವಿನ ಹಾರ ಹಾಕಿ ಫೋಟೋ ತೆಗೆಯುತ್ತಾರೆ. ಗನ್ ಹೇಗೆ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ಹತ್ತು ನಿಮಿಷ ಹೇಳಿಕೊಡಬಾರದಾ?

80 ಆದ ಕೂಡಲೇ ನಾವು ಹೊರಟೆವು. ವೈರು ನೆಲದಲ್ಲಿ ಬಿದ್ದಿದ್ದರೆ ಮೇಲೆ ಕಾರು ಹತ್ತುತ್ತದೆ. ಅದಕ್ಕೆ ಸುತ್ತಿ, ಗನ್ನನ್ನು ಅದರ ಗೂಡಿನಲ್ಲಿಟ್ಟು ಬಂದೆ.

ಸಕಲೇಶಪುರದಲ್ಲಿ ಕಾಫಿ ತೋಟದ ನಡುವಿನ ಒಂದು ಹೋಂಸ್ಟೇಯಲ್ಲಿ ಇಳಿದುಕೊಂಡೆವು. 'ಕಾರ್ ಚಾರ್ಜಿಂಗ್ ಇದೆ' ಎಂದು ಬುಕ್ ಮಾಡುವಾಗಲೇ ಹೇಳಿದ್ದರು. ಶೆಡ್ಡಿನ ಗೋಡೆಯಲ್ಲಿ ಹೊಸ 16 ಆಂಪ್ ಸಾಕೆಟ್. ಟೆಸ್ಟರ್ ಹಾಕಿದೆ, ಫೇಸ್ (ಕರೆಂಟು ಬರುವ ತಂತಿ) ಸರಿಯಾದ ಕಡೆ ಇತ್ತು. ಚಾರ್ಜರಿನ ದೀಪ ಹಸಿರಾಗಿ ಬಂತು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಕೂಡ ಇದೆ. ರಾತ್ರಿ ಎಂಟೂವರೆಗೆ 46ರಲ್ಲಿ ಚಾರ್ಜಿಗೆ ಹಾಕಿ ಊಟಕ್ಕೆ ಹೋದೆವು. ಊಟದ ಮಧ್ಯೆ ಒಮ್ಮೆ ಎದ್ದು ಹೋಗಿ ಪ್ಲಗ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು ಅಷ್ಟೇ.

ಹತ್ತು ಗಂಟೆಗೆ ಮಗಳು ಕಾರಿನಿಂದ ತನ್ನ ಪುಸ್ತಕ ತರಲು ಹೋದವಳು ಓಡಿ ಬಂದಳು. "ಅಪ್ಪ, ಶೆಡ್ಡಲ್ಲಿ ಮೀನು ಸುಟ್ಟ ವಾಸನೆ ಬರ್ತಿದೆ."

ಆ ವಾಸನೆ ನನಗೆ ಗೊತ್ತಿತ್ತು. ಸ್ವಿಚ್ಚಿನ ಪ್ಲಾಸ್ಟಿಕ್ ಬಿಸಿಯಾದಾಗ ಬರುವ ವಾಸನೆ ಅದು. ಓಡಿಹೋಗಿ ಪ್ಲಗ್ಗಿಗೆ ಕೈ ಹಾಕದೆ ಮೊದಲು ಮೀಟರ್ ಬೋರ್ಡಿನಲ್ಲಿ ಆ ಲೈನಿನ ಕರೆಂಟು ಕಡಿಯುವ ಸ್ವಿಚ್ಚು, ಎಂಸಿಬಿ, ಇಳಿಸಿದೆ. ಆಮೇಲೆ ಅಂಗೈಯ ಹಿಂಭಾಗದಿಂದ ಪ್ಲಗ್ ಮುಟ್ಟಿದೆ, ಸುಡುತ್ತಿತ್ತು. ತಣ್ಣಗಾಗಲು ಬಿಟ್ಟು ತೆಗೆದಾಗ ಒಂದು ಪಿನ್ನಿನ ಸುತ್ತ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಅಕ್ಕಪಕ್ಕ ಒಣ ಸೌದೆ, ಕಾಫಿ ಚೀಲ. ಇನ್ನೊಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಮೈ ಬೆವರುತ್ತದೆ.

ಹೋಂಸ್ಟೇಯ ಮಾಲೀಕರು ಟಾರ್ಚ್ ಹಿಡಿದು ಬಂದರು. ಮುಚ್ಚಳ ಬಿಚ್ಚಿ ನೋಡಿದೆವು. ಸಾಕೆಟ್ ಹೊಸದು, ಅದರ ಹಿಂದಿನ ತಂತಿ ಹಳೆಯದು. ಲೈಟು, ಫ್ಯಾನಿಗೆ ಹಾಕುವ ಸಣ್ಣ ತಂತಿ. ಸ್ಕ್ರೂ ಕೂಡ ಬಿಗಿಯಾಗಿರಲಿಲ್ಲ. "ಇದಕ್ಕೆ ಗ್ರೈಂಡರ್ ಹಾಕ್ತೀವಿ, ನೀರಿನ ಹೀಟರ್ ಹಾಕ್ತೀವಿ, ಯಾವತ್ತೂ ಹೀಗಾಗಿರಲಿಲ್ಲ ಸರ್" ಎಂದು ಅವರು ನಿಜವಾಗಿ ನೊಂದುಕೊಂಡು ಹೇಳಿದರು.

ಅವರು ಹೇಳಿದ್ದು ಸುಳ್ಳಲ್ಲ. ಹೀಟರ್ ಕಾಲು ಗಂಟೆ ಉರಿದು ನಿಲ್ಲುತ್ತದೆ, ತಂತಿಗೆ ತಣ್ಣಗಾಗಲು ಪುರುಸೊತ್ತು ಸಿಗುತ್ತದೆ. ಕಾರು ಹಾಗಲ್ಲ. 15 ಆಂಪ್ ಹತ್ತಿರ ಕರೆಂಟನ್ನು ಏಳೆಂಟು ಗಂಟೆ ಒಂದೇ ಸಮ ಎಳೆಯುತ್ತದೆ. ಎಲ್ಲಿ ಸ್ಕ್ರೂ ಸಡಿಲವೋ, ಎಲ್ಲಿ ತಂತಿ ಸಣ್ಣದೋ ಅಲ್ಲಿ ಬಿಸಿ ಕೂಡುತ್ತಾ ಹೋಗುತ್ತದೆ. ಕಾರಿನ ಪಾಯಿಂಟಿಗೆ ಎಂಸಿಬಿಯಿಂದ ನೇರ ಬರುವ ಬೇರೆ ಲೈನು, ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, 4 ಇದ್ದರೆ ಇನ್ನೂ ಒಳ್ಳೆಯದು, ಜೊತೆಗೆ ಸೋರಿಕೆ ಆದರೆ ಟ್ರಿಪ್ ಆಗುವ ಆರ್‌ಸಿಸಿಬಿ, ಇಷ್ಟು ಬೇಕು.

ಅಂಗಳದ ಇನ್ನೊಂದು ಬದಿಯಲ್ಲಿ ಗೀಸರಿನ ಲೈನಿತ್ತು. ದಪ್ಪ ತಂತಿ, ಬಿಗಿ ಸ್ಕ್ರೂ ಎಂದು ಬಿಚ್ಚಿ ನೋಡಿಕೊಂಡು, ಚಾರ್ಜರನ್ನು 10 ಆಂಪಿಗೆ ಇಳಿಸಿ ಅಲ್ಲಿಗೆ ಹಾಕಿದೆ. ಅಷ್ಟು ದೂರಕ್ಕೆ ವೈರು ಸಾಲದು ಎಂದು ಮಾಲೀಕರು ಎಕ್ಸ್‌ಟೆನ್ಶನ್ ಬಾಕ್ಸ್ ತಂದಿದ್ದರು. ಬೇಡ ಎಂದೆ. ಕಾರನ್ನೇ ಹತ್ತಿರ ತಂದೆ. ಸುತ್ತಿಟ್ಟ ಎಕ್ಸ್‌ಟೆನ್ಶನ್ ವೈರಿನಲ್ಲಿ ಗಂಟೆಗಟ್ಟಲೆ ಅಷ್ಟು ಕರೆಂಟು ಹರಿದರೆ ಸುರುಳಿಯೇ ಕಾದು ಕರಗುತ್ತದೆ. ಮೊದಲ ಗಂಟೆ ಕಾಲು ಗಂಟೆಗೊಮ್ಮೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಆಮೇಲೆ ಮಲಗಿದರೂ ಎರಡು ಸಲ ಎಚ್ಚರವಾಗಿ ಎದ್ದು ಹೋದೆ.

ಎರಡನೆಯ ದಿನ: ಶಿರಾಡಿ ಇಳಿದು ಮಂಗಳೂರು

ಬೆಳಗ್ಗೆ 90 ಆಗಿತ್ತು. ಬೇಕೆಂದೇ ಅಲ್ಲಿಗೆ ನಿಲ್ಲಿಸಿದ್ದೆ. ಘಾಟಿ ಇಳಿಯುವಾಗ ಮೋಟಾರು ಚಕ್ರವನ್ನು ತಡೆದು ಕರೆಂಟು ಮಾಡಿ ವಾಪಸ್ ಬ್ಯಾಟರಿಗೆ ತುಂಬುತ್ತದೆ. 100 ಇದ್ದರೆ ತುಂಬಲು ಜಾಗವಿಲ್ಲ, ಆ ತಡೆಯೂ ಸಿಗುವುದಿಲ್ಲ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಹೊರಡುವ ಮೊದಲು ಕರೆಂಟಿನ ಲೆಕ್ಕ ಮಾಡಿದೆ. ಎರಡೂ ಪಾಯಿಂಟ್ ಸೇರಿ ಸುಮಾರು 20 ಯೂನಿಟ್. ಮಾಲೀಕರು ಬೇಡವೆಂದರೂ ಯೂನಿಟ್ಟಿಗೆ ಹತ್ತರಂತೆ ಕೊಟ್ಟೆ. ಸುಟ್ಟ ಸಾಕೆಟ್ಟಿನ ಬಾಬ್ತು ಬೇರೆ ಕೊಟ್ಟೆ. ಅದರ ಫೋಟೋ ತೆಗೆದು ಅವರಿಗೇ ಕಳಿಸಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಹೊಸ ಲೈನ್ ಎಳೆಸುವವರೆಗೆ ಬೇರೆ ಯಾವ ಕಾರಿಗೂ ಕೊಡಬೇಡಿ ಎಂದು ಕೇಳಿಕೊಂಡೆ. ಆ ಶೆಡ್ಡಿನ ಪಾಯಿಂಟಿಗೆ ಅವರು ನನ್ನ ಮುಂದೆಯೇ ಟೇಪ್ ಸುತ್ತಿದರು.

ಶಿರಾಡಿಯಲ್ಲಿ ಮಂಜು. ಲಾರಿಗಳ ಹಿಂದೆ ನಿಧಾನಕ್ಕೆ ಇಳಿದೆವು. ಗುಂಡ್ಯ ತಲುಪುವಷ್ಟರಲ್ಲಿ ಬ್ಯಾಟರಿ ಕಮ್ಮಿಯಾಗುವ ಬದಲು ಎರಡು ಅಂಕಿ ಜಾಸ್ತಿಯಾಗಿತ್ತು. ಮಗಳಿಗೆ ಅದೇ ಖುಷಿ.

ಮಂಗಳೂರಿನಲ್ಲಿ ಅಕ್ಕನದು ಅಪಾರ್ಟ್‌ಮೆಂಟ್. ಬೇಸ್‌ಮೆಂಟಿನ ಕಂಬದಲ್ಲಿ ಒಂದು ಪ್ಲಗ್ ಪಾಯಿಂಟಿದೆ. ನೀರಿನ ಮೋಟಾರ್ ರಿಪೇರಿಗೆ, ಕ್ಲೀನಿಂಗ್ ಮಷಿನ್ನಿಗೆ ಇಟ್ಟಿದ್ದು. ಅಕ್ಕ ಅದನ್ನೇ ತೋರಿಸಿದಳು.

"ಸುಮ್ನೆ ಹಾಕು ಮಾರಾಯ, ಯಾರೂ ಕೇಳುವುದಿಲ್ಲ."

ಯಾರೂ ಕೇಳದಿದ್ದರೂ ಆ ಬಿಲ್ಲು ಎಲ್ಲ ಮನೆಯವರ ಮೆಂಟೆನೆನ್ಸ್‌ನಲ್ಲಿ ಬರುತ್ತದೆ. ಕಾರೇ ಇಲ್ಲದ ಮೂರನೇ ಮಹಡಿಯ ಅಜ್ಜಿಯೂ ನನ್ನ ಪ್ರಯಾಣಕ್ಕೆ ದುಡ್ಡು ಕೊಟ್ಟಂತೆ ಆಗುತ್ತದೆ. ಅಕ್ಕನಿಗೂ ಅದು ಸರಿ ಅನಿಸಿತು. ಅಸೋಸಿಯೇಷನ್‌ಗೆ ಹೇಳಿ ಮೀಟರ್ ಇರುವ ಒಂದು ಪಾಯಿಂಟ್ ಹಾಕಿಸುತ್ತೇನೆ ಎಂದಳು. ಸಂಜೆ ನಾನು, ಮಗಳು ಊರಿನ ಪಬ್ಲಿಕ್ ಚಾರ್ಜರ್ ಹುಡುಕಿಕೊಂಡು ಹೋದೆವು.

ಮಳೆ ಜೋರಾಗಿ ಶುರುವಾಗಿತ್ತು. ನಾವು ತಲುಪುವಾಗ ಒಂದು ಕಾರು ಹೊರಡುತ್ತಿತ್ತು, ಮುಂದಿನ ಸರದಿ ನಮ್ಮದು. ನಮ್ಮ ಹಿಂದೆಯೇ ಒಂದು ಟ್ಯಾಕ್ಸಿ ಬಂತು. ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರ. ಓಡಿಸುತ್ತಿದ್ದ ಹುಡುಗ ಇಳಿದು ಬಂದು ಸ್ಕ್ರೀನ್ ನೋಡಿದ, ನಮ್ಮ ಕಾರು ನೋಡಿದ, ಏನೂ ಹೇಳದೆ ವಾಪಸ್ ಹೋಗಿ ಕುಳಿತ. ನಾನೇ ಹೋಗಿ ಎಷ್ಟಿದೆ ಎಂದು ಕೇಳಿದೆ.

"7 ಉಂಟು ಸರ್. ಎಂಟೂವರೆಗೆ ಏರ್‌ಪೋರ್ಟ್ ಪಿಕಪ್ ಉಂಟು. ಪರವಾಗಿಲ್ಲ, ನೀವು ಮುಗಿಸಿ."

ನಮ್ಮಲ್ಲಿ 47 ಇತ್ತು. ರಾತ್ರಿ ಎಲ್ಲಿಗೂ ಹೋಗುವುದಿರಲಿಲ್ಲ. ಸರದಿ ನಮ್ಮದೇ ಆದರೂ ಅವನ ಊಟದ ಪ್ರಶ್ನೆ ಅದು. ನೀನು ಹಾಕಪ್ಪ, 50 ಆದಮೇಲೆ ನಮಗೆ ಕೊಡು ಎಂದೆ. ಅವನು ಒಂದು ಕ್ಷಣ ನಂಬಲಿಲ್ಲ. ಆಮೇಲೆ ಕಾರಿನಿಂದ ಬಟ್ಟೆ ತಂದು ಮೊದಲು ಗನ್ನಿನ ಹಿಡಿಯನ್ನು ಒರೆಸಿದ. ಬಾಯಿಯಲ್ಲಿ ನೀರು ಇದೆಯಾ, ಪಿನ್ ಕಪ್ಪಾಗಿದೆಯಾ ಎಂದು ಮೊಬೈಲ್ ಬೆಳಕಿನಲ್ಲಿ ನೋಡಿದ. ದಿನಾ ಇದೇ ಕೆಲಸ ಮಾಡುವವನ ಅಚ್ಚುಕಟ್ಟು.

"ಮಳೆಯಲ್ಲಿ ಶಾಕ್ ಹೊಡೆಯಲ್ವಾ ಅಪ್ಪ?" ಮಗಳು ನನ್ನನ್ನು ಕೇಳಿದರೆ ಅವನೇ ಉತ್ತರ ಕೊಟ್ಟ. ಗನ್ ಸುಮ್ಮನೆ ಹಿಡಿದಾಗ ಅದರ ಪಿನ್ನಿನಲ್ಲಿ ಕರೆಂಟು ಇರುವುದಿಲ್ಲ. ಕಾರಿಗೆ ಸಿಕ್ಕಿಸಿದ ಮೇಲೆ ಕಾರು, ಮಷಿನ್ ಎರಡೂ ಮಾತಾಡಿಕೊಂಡು, ಎಲ್ಲ ಸರಿ ಇದ್ದರೆ ಮಾತ್ರ ಕರೆಂಟು ಬಿಡುವುದು. ಆದರೆ ವೈರಿನ ಸಿಪ್ಪೆ ಹರಿದಿದ್ದರೆ, ಗನ್ ಒಡೆದಿದ್ದರೆ, ನೀರು ನಿಂತ ಗುಂಡಿಯಲ್ಲಿ ಬಿದ್ದಿದ್ದರೆ ಮುಟ್ಟಲೇಬಾರದು ಎಂದ. ನಾನಾದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

50ಕ್ಕೆ ಅವನು ನಿಲ್ಲಿಸಿದ. ನಾವು 70ಕ್ಕೆ ನಿಲ್ಲಿಸಿ ಮನೆಗೆ ಹೋದೆವು. ಅಕ್ಕ ನೀರುದೋಸೆ ಮಾಡಿ ಕಾಯುತ್ತಿದ್ದಳು.

ಮೂರನೆಯ ದಿನ: ಉಡುಪಿ

ಕೃಷ್ಣ ಮಠ, ರಥಬೀದಿ, ಮಲ್ಪೆ ಕಡಲು. ಜನವೋ ಜನ.

ಉಳಿದುಕೊಂಡ ಲಾಡ್ಜಿನ ಪಾರ್ಕಿಂಗಿನಲ್ಲಿ ಗೋಡೆಗೆ ಹಾಕಿದ 7 ಕಿಲೋವ್ಯಾಟಿನ ಒಂದು ನಿಧಾನದ ಚಾರ್ಜರ್ ಇತ್ತು. ಇಡೀ ಲಾಡ್ಜಿಗೆ ಒಂದೇ. ಸಂಜೆ ಐದಕ್ಕೆ ನಾವು ಹಾಕಿದ ಸ್ವಲ್ಪ ಹೊತ್ತಿಗೆ ಹುಬ್ಬಳ್ಳಿಯ ಒಂದು ಕುಟುಂಬ ಅಂಥದ್ದೇ ಕಾರಿನಲ್ಲಿ ಬಂದಿಳಿಯಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ದು ಆದ ಮ್ಯಾಲೆ ಒಂದು ಫೋನ್ ಹೊಡೀರಿ ಅಣ್ಣಾರ, ನಾವು ಎಚ್ಚರ ಇರ್ತೀವಿ" ಎಂದು ನಂಬರ್ ಕೊಟ್ಟರು. ಒಂಬತ್ತಕ್ಕೆ 90 ಆಯಿತು. ಆಗಲೇ ಕೆಳಗಿಳಿದು ಕಾರು ತೆಗೆದು ಅವರಿಗೆ ಜಾಗ ಬಿಟ್ಟೆ. ಬೆಳಗಿನವರೆಗೆ ಅಲ್ಲೇ ಬಿಟ್ಟಿದ್ದರೆ ಚಾರ್ಜರ್ ಇಡೀ ರಾತ್ರಿ ಸುಮ್ಮನೆ ನಿಂತಿರುತ್ತಿತ್ತು, ಅವರು ಹುಬ್ಬಳ್ಳಿ ದಾರಿಯಲ್ಲಿ ಪರದಾಡುತ್ತಿದ್ದರು.

ವೈರನ್ನು ಓಡಾಡುವ ದಾರಿಗೆ ಅಡ್ಡ ಬಿಡದೆ ಗೋಡೆಯ ಬದಿಯಿಂದ ತರಬೇಕು. ಪಾರ್ಕಿಂಗಿನಲ್ಲಿ ಮಕ್ಕಳು ಮುಟ್ಟಾಟ ಆಡುತ್ತಿದ್ದರು, ನನ್ನ ಹೆಂಡತಿ ಇದನ್ನು ಮೊದಲು ಗಮನಿಸಿ ಕಾರನ್ನು ಹಿಂದುಮುಂದು ಮಾಡಿಸಿದಳು.

ನಾಲ್ಕನೆಯ ದಿನ: ಆಗುಂಬೆ ಹತ್ತಿ ಚಿಕ್ಕಪ್ಪನ ಮನೆಗೆ

ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ 14 ತಿರುವು. ಶಿರಾಡಿಯಲ್ಲಿ ಸಿಕ್ಕಿದ್ದನ್ನೆಲ್ಲ ಘಾಟಿ ಇಲ್ಲಿ ವಾಪಸ್ ತೆಗೆದುಕೊಂಡಿತು. ತೀರ್ಥಹಳ್ಳಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿನ ತೋಟದ ಮನೆ ತಲುಪುವಾಗ 46 ಉಳಿದಿತ್ತು.

ಚಿಕ್ಕಪ್ಪನದು ಹಳೆಯ ಹೆಂಚಿನ ಮನೆ. ಅಡುಗೆಮನೆಯ ಪಕ್ಕದ ಗ್ರೈಂಡರ್ ಪಾಯಿಂಟಿಗೆ ಚಾರ್ಜರ್ ಹಾಕಿದೆ. ಕೆಂಪು ದೀಪ. ಕೊಟ್ಟಿಗೆಯ ಪಾಯಿಂಟಿನಲ್ಲೂ ಕೆಂಪು. ಚಾರ್ಜರ್ ಮೊದಲು ಅರ್ಥಿಂಗ್ ಇದೆಯಾ ಎಂದು ನೋಡಿಕೊಳ್ಳುತ್ತದೆ, ಇಲ್ಲದಿದ್ದರೆ ಕರೆಂಟು ಬಿಡುವುದೇ ಇಲ್ಲ.

ಚಿಕ್ಕಪ್ಪನ ಮಗನಿಗೆ ಉಪಾಯ ಗೊತ್ತಿತ್ತು. "ಅಣ್ಣ, ಪ್ಲಗ್ಗಿನ ಒಳಗೆ ಅರ್ಥಿಂಗ್ ಪಿನ್ನಿಗೂ ನ್ಯೂಟ್ರಲ್ಲಿಗೂ ಒಂದು ತುಂಡು ತಂತಿ ಜೋಡಿಸಿದ್ರೆ ಹಸಿರು ಬರುತ್ತೆ. ಪೇಟೆಯಲ್ಲಿ ಎಲ್ಲ ಹಾಗೇ ಮಾಡ್ತಾರೆ."

ಹಸಿರು ಬರುತ್ತದೆ, ಅದು ನಿಜ. ಆದರೆ ಹಳ್ಳಿಯ ಲೈನಿನಲ್ಲಿ ಕರೆಂಟು ವಾಪಸ್ ಹೋಗುವ ಈ ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದುಹೋದರೆ ಕಾರಿನ ಇಡೀ ಮೈಗೇ ಕರೆಂಟು ಬರುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಮಗಳು ಬಾಗಿಲಿಗೆ ಕೈ ಹಾಕಿದರೆ? ಅವನಿಗೆ ಇದನ್ನು ಬಿಡಿಸಿ ಹೇಳಿದೆ. ಕೇಳಿ ಸುಮ್ಮನಾದ. ಆಮೇಲೆ ಇನ್ನೊಂದು ದಾರಿ ಹೇಳಿದ, ತೋಟದ ಪಂಪ್‌ಸೆಟ್ಟಿನ ಲೈನಿನಿಂದ ತೆಗೆಯೋಣ, ಅಲ್ಲಿ ಬಿಲ್ಲೂ ಇಲ್ಲ ಎಂದು.

ಅದಕ್ಕೂ ಬೇಡವೆಂದೆ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರ ಬಿಟ್ಟಿ ಕರೆಂಟು ಕೊಡುವುದು ತೋಟಕ್ಕೆ ನೀರು ಬಿಡಲಿ ಎಂದು. ಬೆಂಗಳೂರಿನಿಂದ ಸುತ್ತಲು ಬಂದ ನನ್ನ ಕಾರಿಗಲ್ಲ. ನಮ್ಮದೇ ತೋಟವಾದರೇನು?

ಕತ್ತಲಾಗುತ್ತಿದ್ದಂತೆ ಗುಡುಗು ಶುರುವಾಯಿತು. ಮಲೆನಾಡಿನಲ್ಲಿ ಗುಡುಗಿದರೆ ಚಿಕ್ಕಮ್ಮ ಟಿವಿ, ಫ್ರಿಜ್ಜು ಎಲ್ಲದರ ಪ್ಲಗ್ ಕಿತ್ತುಬಿಡುತ್ತಾರೆ. ಅರ್ಥಿಂಗ್ ಸರಿ ಇದ್ದರೂ ಆ ಹೊತ್ತಿನಲ್ಲಿ ನಾನು ಮನೆಯ ಪಾಯಿಂಟಿಗೆ ಕಾರು ಹಾಕುತ್ತಿರಲಿಲ್ಲ.

ಐದನೆಯ ದಿನ: ಅರ್ಥಿಂಗ್ ಗುಂಡಿ

ಶಿವಮೊಗ್ಗಕ್ಕೆ 46 ಸಾಕಾಗುತ್ತಿತ್ತು. ಆದರೆ ಆ ಕೆಂಪು ದೀಪ ರಾತ್ರಿಯೆಲ್ಲ ನನ್ನ ತಲೆಯಲ್ಲಿತ್ತು. ಅದು ಕಾರಿನ ವಿಷಯ ಮಾತ್ರ ಆಗಿರಲಿಲ್ಲ. ಬೆಳಗ್ಗೆ ಕಾಫಿ ಕುಡಿಯುವಾಗ ಚಿಕ್ಕಮ್ಮನನ್ನು ಕೇಳಿದೆ, ಗ್ರೈಂಡರ್, ವಾಷಿಂಗ್ ಮಷಿನ್ ಮುಟ್ಟಿದರೆ ಏನಾದರೂ ಆಗುತ್ತದಾ ಎಂದು.

"ಜುಮ್ ಅನ್ನುತ್ತಪ್ಪ. ಮಳೆಗಾಲದಲ್ಲಿ ಜಾಸ್ತಿ. ಅದಕ್ಕೇ ಚಪ್ಪಲಿ ಹಾಕ್ಕೊಂಡು ರುಬ್ಬೋದು. ಎಷ್ಟೋ ವರ್ಷದಿಂದ ಹಾಗೇ."

ಚಿಕ್ಕಪ್ಪ ಪೇಪರ್ ಕೆಳಗಿಟ್ಟರು. ಅವರಿಗೆ ಇದು ಗೊತ್ತೇ ಇರಲಿಲ್ಲ. ರುಬ್ಬುವುದು, ಒಗೆಯುವುದು ಅವರ ಕೆಲಸವಾಗಿರಲಿಲ್ಲ, ಹಾಗಾಗಿ ಆ ಜುಮ್ ಅವರ ಕೈಗೆ ಬಂದಿರಲಿಲ್ಲ. ತಕ್ಷಣ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು.

ಅವರು ಬಂದವರೇ ಒಂದು ಬಲ್ಬಿನ ಒಂದು ತುದಿಯನ್ನು ಫೇಸಿಗೆ, ಇನ್ನೊಂದನ್ನು ಅರ್ಥಿಂಗಿಗೆ ಇಟ್ಟರು. ಬಲ್ಬು ಮಿಣಕ್ ಎನ್ನಲಿಲ್ಲ. ಮನೆಯ ಹಿಂದೆ ಬಾಳೆಯ ಬುಡದಲ್ಲಿದ್ದ ಅರ್ಥಿಂಗ್ ಪೈಪು ಹುಡುಕಿ ಅಗೆದರೆ ತಂತಿ ತುಕ್ಕು ಹಿಡಿದು ಪೈಪಿನಿಂದ ಕಡಿದೇ ಹೋಗಿತ್ತು. ಪೇಟೆಯಿಂದ ಹೊಸ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತರಿಸಿ, ಹೊಸ ಗುಂಡಿ ತೆಗೆದು, ಇದ್ದಿಲು, ಉಪ್ಪು ಪದರ ಪದರವಾಗಿ ಹಾಕಿ, ಮೇಲೆ ನಾಲ್ಕು ಕೊಡ ನೀರು ಸುರಿದರು. ನಾನು, ತಮ್ಮ, ಮಗಳು ಮೂವರೂ ಮಣ್ಣು ಹೊತ್ತೆವು. ಮಧ್ಯಾಹ್ನ ಮತ್ತೆ ಬಲ್ಬು ಇಟ್ಟಾಗ ಝಗ್ ಎಂದು ಉರಿಯಿತು. ಮೀಟರ್ ಬೋರ್ಡಿಗೆ ಒಂದು ಆರ್‌ಸಿಸಿಬಿಯನ್ನೂ ಹಾಕಿಸಿದೆವು.

ಈಗ ಚಾರ್ಜರ್ ಹಸಿರಾಯಿತು. ಗ್ರೈಂಡರ್ ಪಾಯಿಂಟಿನ ತಂತಿ, ಸ್ಕ್ರೂ ಎಲ್ಲ ಎಲೆಕ್ಟ್ರಿಷಿಯನ್ನೇ ನೋಡಿ ಸರಿ ಎಂದ ಮೇಲೆ ಸಂಜೆಯವರೆಗೆ ಹಾಕಿದೆವು. ಹದಿಮೂರು ಯೂನಿಟ್ ಎಳೆದು 78 ಆಯಿತು.

ಹದಿಮೂರು ಯೂನಿಟ್ ಎಂದರೆ ಪೇಟೆಯವರಿಗೆ ನೂರು ರೂಪಾಯಿಯ ಮಾತು. ಚಿಕ್ಕಪ್ಪನ ಮನೆಯಲ್ಲಿ ಹಾಗಲ್ಲ. ಅವರು ಗೃಹಜ್ಯೋತಿಯಲ್ಲಿದ್ದಾರೆ. ಹಿಂದಿನ ತಿಂಗಳ ಬಿಲ್ಲು ತೆಗೆದು ನೋಡಿದೆ, 188 ಯೂನಿಟ್. ತಿಂಗಳಿಗೆ 200 ದಾಟಿದರೆ ದಾಟಿದ್ದಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ನನ್ನ ಒಂದು ಸಂಜೆಯ ಚಾರ್ಜಿನಿಂದ ಅವರಿಗೆ ಸಾವಿರ ರೂಪಾಯಿ ಮೀರಿದ ಬಿಲ್ಲು ಬರಬಹುದು. ನೆಂಟರ ಮನೆಯಲ್ಲಿ ಕಾರು ಚಾರ್ಜಿಗೆ ಹಾಕುವವರು ಈ ಲೆಕ್ಕ ಮಾಡಲೇಬೇಕು. ಮನೆಯವರು ಬಾಯಿಬಿಟ್ಟು ಹೇಳುವುದಿಲ್ಲ.

ದುಡ್ಡು ಕೊಡಲು ಹೋದರೆ ಚಿಕ್ಕಪ್ಪ ಬೈದರು. "ಎಂತ ಮಾರಾಯ, ನಮ್ಮನೆ ಕರೆಂಟಿಗೂ ದುಡ್ಡು ಕೊಡ್ತೀಯಾ? ನಾಳೆ ಅನ್ನಕ್ಕೂ ಕೊಡು!" ಬಿಲ್ಲಿನ ವಿಷಯ ಬಿಡಿಸಿ ಹೇಳಿ, ಕಡೆಗೆ ಚಿಕ್ಕಮ್ಮನ ಕೈಗೆ ಕೊಟ್ಟೆ. ಅವರು ಹಿಡಿದುಕೊಂಡರು.

ಆರನೆಯ ದಿನ: ಬಿ.ಎಚ್. (ಬೆಂಗಳೂರು-ಹೊನ್ನಾವರ) ರಸ್ತೆಯಲ್ಲಿ ವಾಪಸ್

ಶಿವಮೊಗ್ಗದಲ್ಲಿ ತಿಂಡಿ ತಿನ್ನುವಷ್ಟರಲ್ಲಿ 85 ಆಯಿತು, ಕಾಯಬೇಕಾಗಲಿಲ್ಲ. ಭದ್ರಾವತಿ, ತರೀಕೆರೆ, ಕಡೂರು ದಾಟಿ ಅರಸೀಕೆರೆಯ ಹತ್ತಿರ ಮಧ್ಯಾಹ್ನದ ಚಾರ್ಜ್ ಎಂದುಕೊಂಡಿದ್ದೆವು. ಚಾರ್ಜರ್ ಹುಡುಕುವ ಆ್ಯಪಿನಲ್ಲಿ ಅದು ಹಸಿರು ತೋರಿಸುತ್ತಿತ್ತು. ಹೋಗಿ ನೋಡಿದರೆ ಇಡೀ ಬೀದಿಗೇ ಕರೆಂಟಿಲ್ಲ. 31 ಉಳಿದಿತ್ತು. ಇಂಥದಕ್ಕೇ 20ಕ್ಕಿಂತ ಕೆಳಗೆ ಇಳಿಯುವಂತೆ ನಾನು ಯಾವತ್ತೂ ಲೆಕ್ಕ ಹಾಕುವುದಿಲ್ಲ. ಎಸಿ ಆರಿಸಿ, 60ರ ವೇಗದಲ್ಲಿ ತಿಪಟೂರಿಗೆ ಹೋದೆವು.

ತಿಪಟೂರಿನ ಚಾರ್ಜರ್ ಮುಂದೆ ಹೊಸ ಕಾರಿನ ಗಂಡ ಹೆಂಡತಿ ಕಂಗಾಲಾಗಿ ನಿಂತಿದ್ದರು. ಕಾರಿಗೆ ಇನ್ನೂ ಹೂವಿನ ಹಾರ ಇತ್ತು. ಅರ್ಧ ಗಂಟೆಯಿಂದ ಪ್ರಯತ್ನಿಸುತ್ತಿದ್ದಾರೆ, ಮಷಿನ್ ಸತ್ತಂತಿದೆ. ನೋಡಿದರೆ ಕೆಂಪು ಗುಂಡಿ ಒಳಗೆ ಒತ್ತಿಕೊಂಡಿತ್ತು. ಯಾರು, ಯಾಕೆ ಒತ್ತಿದರೋ. ಅದನ್ನು ಸುಮ್ಮನೆ ತಿರುಗಿಸಿ ಬಿಡುವ ಮೊದಲು ಸುತ್ತ ನೋಡಿದೆ. ಸುಟ್ಟ ಕಲೆಯಿಲ್ಲ, ವಾಸನೆಯಿಲ್ಲ, ವೈರು ಹರಿದಿಲ್ಲ. ಮಷಿನ್ನಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಅವರು ಅಲ್ಲಿಂದ ಪರೀಕ್ಷಿಸಿ, ಈಗ ಗುಂಡಿಯನ್ನು ಬಾಣದ ಕಡೆಗೆ ತಿರುಗಿಸಿ ಬಿಡಿ ಎಂದರು. ಸ್ಕ್ರೀನ್ ಹತ್ತಿಕೊಂಡಿತು.

ಅವರ ಕಾರಿಗೇ ಮೊದಲು ಹಾಕಿಕೊಟ್ಟೆವು, ಅವರೇ ತಾನೆ ಮೊದಲು ಬಂದವರು. ಮಗಳು ಆ ಅಕ್ಕನಿಗೆ ರಟ್ಟಿನ ಮೇಲೆ ನಂಬರ್ ಬರೆದುಕೊಟ್ಟಳು. 80 ಆದಾಗ ಅವರು ತಾವಾಗಿಯೇ ನಿಲ್ಲಿಸಿ, ವೈರು ಸುತ್ತಿಟ್ಟು, ಕೈ ಬೀಸಿ ಹೋದರು. ನಾವು ಹೊರಡುವಾಗ ಸಂಜೆ ಐದಾಗಿತ್ತು.

ರಾತ್ರಿ ಒಂಬತ್ತಕ್ಕೆ ಬೆಂಗಳೂರಿನ ಮನೆಯ ಗೇಟು ತೆಗೆಯುವಾಗ ಚಿಕ್ಕಮ್ಮನ ಫೋನ್ ಬಂತು. ತಲುಪಿದ್ರಾ ಎಂದು ಕೇಳಿದರು. ನಾಳೆಯ ಇಡ್ಲಿಗೆ ಈಗಷ್ಟೇ ರುಬ್ಬಿದೆ ಎಂದರು.

"ಜುಮ್ ಅನ್ನಲಿಲ್ಲ ಕಣೋ."